ನೂರು ಮೀಟರ್ ಇಲ್ಲದ ಬೆಟ್ಟ

2025ರ ಡಿಸೆಂಬರಿನ ಒಂದು ಭಾನುವಾರ ಗುರುಗ್ರಾಮದಿಂದ ಅಣ್ಣನ ಮಗಳು ಫೋನ್ ಮಾಡಿದಳು. ಹತ್ತನೇ ತರಗತಿ. ಸಾಮಾನ್ಯವಾಗಿ ಅವಳು ನನಗೆ ಫೋನ್ ಮಾಡುವುದು ಅಪ್ಪನ ಮೇಲೆ ದೂರು ಹೇಳುವುದಕ್ಕೆ. ಆ ದಿನ ಮಾತ್ರ ಬೇರೆ ವಿಷಯ ಎತ್ತಿದಳು. ‘ಚಿಕ್ಕಪ್ಪ, ನೀನು ಜಿಯಾಲಜಿ ಓದಿದೀಯಲ್ಲ, ಹೇಳು. ನೂರು ಮೀಟರ್ ಇಲ್ಲದಿದ್ರೆ ಅದು ಬೆಟ್ಟ ಅಲ್ವಾ?’

ಅವಳ ಪ್ರಶ್ನೆಯ ಹಿಂದೆ ಇದ್ದ ಸುದ್ದಿ ನಿಮಗೂ ನೆನಪಿರಬಹುದು. ಅರಾವಳಿ ಬೆಟ್ಟ ಎಂದರೆ ಯಾವುದು ಎಂಬುದಕ್ಕೆ ಕೇಂದ್ರ ಪರಿಸರ ಸಚಿವಾಲಯದ ಸಮಿತಿ ಒಂದು ಅಳತೆ ಕೊಟ್ಟಿತ್ತು. ಸುತ್ತಲಿನ ನೆಲದಿಂದ 100 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎದ್ದು ನಿಂತಿದ್ದರೆ ಅದು ಅರಾವಳಿ ಬೆಟ್ಟ. ನವೆಂಬರ್ 20ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಹಾಗಾದರೆ ತಗ್ಗು ಗುಡ್ಡಗಳ ಗತಿ ಏನು ಎಂದು ದೆಹಲಿ, ಹರಿಯಾಣ, ರಾಜಸ್ಥಾನಗಳಲ್ಲಿ ಗಲಾಟೆ ಎದ್ದಿತು. ಇದರಿಂದ ಗಣಿಗಾರಿಕೆಗೆ ಬಾಗಿಲು ತೆರೆದಂತೆ ಆಗುವುದಿಲ್ಲ ಎಂದು ಸರಕಾರ ಸಮಾಧಾನ ಹೇಳಿತು. ಗಲಾಟೆ ತಣ್ಣಗಾಗಲಿಲ್ಲ. ಡಿಸೆಂಬರ್ 29ರಂದು ಕೋರ್ಟು ತನ್ನದೇ ಆದೇಶವನ್ನು ತಡೆಹಿಡಿಯಿತು.

ಫೋನಿನಲ್ಲಿ ಅವಳಿಗೆ ಏನೋ ಅರ್ಧಂಬರ್ಧ ಹೇಳಿ ಮುಗಿಸಿದೆ. ಆಮೇಲೆ ಅದೇ ತಲೆಯಲ್ಲಿ ಕೊರೆಯತೊಡಗಿತು. ನಾನು ಕೂತು ಮಾತಾಡುತ್ತಿದ್ದ ಜಾಗದಿಂದ, ಚೆನ್ನೈನ ನಮ್ಮ ಫ್ಲಾಟಿನ ಬಾಲ್ಕನಿಯಿಂದ, ಸೇಂಟ್ ಥಾಮಸ್ ಮೌಂಟ್ ಕಾಣುತ್ತದೆ. ತಮಿಳರ ಪರಂಗಿಮಲೈ. ಸುಮಾರು 300 ಅಡಿ, ಎಂದರೆ ನೂರು ಮೀಟರಿಗೂ ಕಡಿಮೆ. ಆ ಲೆಕ್ಕದಲ್ಲಿ ಅದೂ ಬೆಟ್ಟವಲ್ಲ. ಆದರೆ ಪ್ರಪಂಚದ ಯಾವ ಭೂವಿಜ್ಞಾನದ ಪಠ್ಯಪುಸ್ತಕ ತೆಗೆದರೂ ಆ ಗುಡ್ಡದ ಕಲ್ಲಿನ ಹೆಸರು ಇದ್ದೇ ಇರುತ್ತದೆ.

ಕಾನೂನಿಗೆ ಒಂದು ಸಂಖ್ಯೆ ಬೇಕು, ಅದು ನನಗೆ ಗೊತ್ತು. ಅಳೆಯಲಾಗದ್ದನ್ನು ಕಾಯುವುದು ಯಾವ ತಹಸೀಲ್ದಾರರಿಗೂ ಆಗದು. ನನ್ನ ತಕರಾರು ಅಳತೆಪಟ್ಟಿಯನ್ನು ಎಲ್ಲಿಗೆ ಹಿಡಿಯುತ್ತೇವೆ ಎಂಬುದರ ಬಗ್ಗೆ. ಬೆಟ್ಟದ ಎತ್ತರ ಅದರ ಈ ಹೊತ್ತಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಅದು ಹೇಗೆ ಹುಟ್ಟಿತು, ಎಷ್ಟು ಆಳಕ್ಕೆ ಬೇರು ಬಿಟ್ಟಿತ್ತು, ಯಾವ ಸಮುದ್ರವನ್ನು ನುಂಗಿ ಎದ್ದಿತು ಎಂಬುದೆಲ್ಲ ಬರೆದಿರುವುದು ಅದರ ಕಲ್ಲಿನಲ್ಲಿ, ಅದರಲ್ಲೂ ರೂಪಾಂತರ ಶಿಲೆಯಲ್ಲಿ. ಸವೆದು ಮೊಣಕಾಲೆತ್ತರಕ್ಕೆ ಇಳಿದ ಬೆಟ್ಟದಲ್ಲೇ ಈ ಬರಹ ಹೆಚ್ಚು ಸ್ಪಷ್ಟವಾಗಿರುತ್ತದೆ. ಏಕೆ ಎಂದು ಹೇಳುವುದಕ್ಕೆ ಸ್ವಲ್ಪ ಅಡುಗೆಮನೆಗೆ ಹೋಗಬೇಕು.

ಒಂದೇ ಹಿಟ್ಟು, ಮೂರು ತಿಂಡಿ

ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ. ಸುಣ್ಣಕಲ್ಲು ಅಮೃತಶಿಲೆಯಾಗುತ್ತದೆ, ಜೇಡಿಕಲ್ಲು ಸ್ಲೇಟಾಗುತ್ತದೆ, ಮರಳುಗಲ್ಲು ಕ್ವಾರ್ಟ್ಸೈಟ್ ಆಗುತ್ತದೆ. ಎರಡು ಅಂಕದ ಪ್ರಶ್ನೆ. ಅಲ್ಲಿಗೆ ಮುಗಿಯಿತು. ಆದರೆ ಏನು ಏನಾಗುತ್ತದೆ ಎಂಬುದಕ್ಕಿಂತ, ಆಗಿರುವುದನ್ನು ನೋಡಿ ಅದು ಎಲ್ಲಿಗೆ ಹೋಗಿ ಬಂತು ಎಂದು ಹೇಳಬಹುದಲ್ಲ, ಸ್ವಾರಸ್ಯ ಇರುವುದು ಅಲ್ಲಿ. ಅದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ.

ರುಬ್ಬಿಟ್ಟ ಹಿಟ್ಟು ಒಂದೇ. ಹಬೆಯಲ್ಲಿಟ್ಟರೆ ಇಡ್ಲಿ, ಕಾವಲಿಗೆ ಹುಯ್ದರೆ ದೋಸೆ, ಗುಳಿ ಇರುವ ಬಾಣಲೆಗೆ ಬಿಟ್ಟರೆ ಪಡ್ಡು. ತಟ್ಟೆಗೆ ಬಂದದ್ದನ್ನು ನೋಡಿಯೇ ಅದು ಯಾವ ಪಾತ್ರೆಯಲ್ಲಿ, ಎಂಥ ಬಿಸಿಯಲ್ಲಿ ಬೆಂದಿತು ಎಂದು ನೀವು ಹೇಳಬಲ್ಲಿರಿ. ಒಲೆಯ ಹತ್ತಿರ ನಿಂತು ನೋಡಿರಬೇಕಾಗಿಲ್ಲ. ಖನಿಜಗಳ ಕತೆಯೂ ಹಾಗೆಯೇ. ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ ಒಂದೇ ಪ್ರಮಾಣದಲ್ಲಿ ಸೇರಿ ಆದ ಮೂರು ಖನಿಜಗಳಿವೆ: ಆಂಡಲೂಸೈಟ್, ಕಯನೈಟ್, ಸಿಲಿಮನೈಟ್. ಒತ್ತಡ ಕಡಿಮೆ ಇದ್ದಲ್ಲಿ ಮೊದಲನೆಯದು, ಒತ್ತಡ ಹೆಚ್ಚಾದಲ್ಲಿ ಎರಡನೆಯದು, ಬಿಸಿ ಹೆಚ್ಚಾದಲ್ಲಿ ಮೂರನೆಯದು. ಕಲ್ಲಿನಲ್ಲಿ ನೀಲಿ ಅಲಗಿನಂಥ ಕಯನೈಟ್ ಕಂಡರೆ ಅದು ಆಳದಲ್ಲಿ ಅದುಮಿಸಿಕೊಂಡು ಬಂದದ್ದು ಎಂದು ಬರೆದುಕೊಳ್ಳಬಹುದು.

ಇನ್ನೂ ಒಂದು ಸಂಗತಿ. ಬೆಂದ ಇಡ್ಲಿ ಆರಿದ ಮೇಲೆ ಮತ್ತೆ ಹಿಟ್ಟಾಗುವುದಿಲ್ಲ. ಕಲ್ಲು ಕೂಡ ಮೇಲೆ ಬರುವಾಗ ತಣ್ಣಗಾಗುತ್ತದೆ, ಅದರೊಳಗಿನ ನೀರು ಅಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಹಿಂದಿನ ರೂಪಕ್ಕೆ ಮರಳಲು ಬೇಕಾದ ಬಿಸಿಯೂ ಇಲ್ಲ, ನೀರೂ ಇಲ್ಲ. ಅದರಿಂದಾಗಿ ಅತ್ಯಂತ ಆಳದಲ್ಲಿದ್ದ ಹೊತ್ತಿನ ರೂಪ ಬಹುಮಟ್ಟಿಗೆ ಹಾಗೆಯೇ ಉಳಿದುಬಿಡುತ್ತದೆ. ಈ ಒಂದು ಸೋಮಾರಿತನ ಇರದಿದ್ದರೆ ಭೂಮಿಯ ಆಳದ ಬಗ್ಗೆ ನಮಗೆ ಕೈಯಲ್ಲಿ ಹಿಡಿಯುವಂಥ ಸಾಕ್ಷಿಯೇ ಇರುತ್ತಿರಲಿಲ್ಲ.

ಈ ಓದನ್ನು ಮೊದಲು ಕ್ರಮವಾಗಿ ಮಾಡಿದವನು ಜಾರ್ಜ್ ಬ್ಯಾರೋ. 1893ರಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ನಡೆದಾಡುತ್ತ, ಯಾವ ಖನಿಜ ಎಲ್ಲಿ ಮೊದಲು ಕಾಣಿಸುತ್ತದೆ ಎಂದು ನಕ್ಷೆಯ ಮೇಲೆ ಗೆರೆ ಎಳೆದ. ಒಂದು ಕಡೆ ಗಾರ್ನೆಟ್, ಮುಂದೆ ಹೋದರೆ ಕಯನೈಟ್, ಇನ್ನೂ ಮುಂದೆ ಸಿಲಿಮನೈಟ್. ಮೂಲದಲ್ಲಿ ಎಲ್ಲವೂ ಒಂದೇ ಬಗೆಯ ಕೆಸರು. ನಡೆದದ್ದು ಕೆಲವು ಮೈಲಿ, ಓದಿದ್ದು ಬಿಸಿಯ ಮೆಟ್ಟಿಲು. 1961ರಲ್ಲಿ ಜಪಾನಿನ ಅಕಿಹೊ ಮಿಯಾಶಿರೊ ಇನ್ನೊಂದು ಹೆಜ್ಜೆ ಇಟ್ಟರು. ಜಪಾನಿನಲ್ಲಿ ರೂಪಾಂತರ ಶಿಲೆಗಳ ಎರಡು ಪಟ್ಟಿಗಳು ಜೋಡಿಯಾಗಿ ಸಾಗುತ್ತವೆ ಎಂದು ತೋರಿಸಿದರು. ಸಮುದ್ರದ ಕಡೆಗಿನದು ಒತ್ತಡ ಜಾಸ್ತಿ ಬಿಸಿ ಕಡಿಮೆ, ಒಳನಾಡಿನ ಕಡೆಗಿನದು ಬಿಸಿ ಜಾಸ್ತಿ ಒತ್ತಡ ಕಡಿಮೆ. ಭೂಫಲಕಗಳ ಸಿದ್ಧಾಂತ ರೂಪುಗೊಳ್ಳಲು ಇನ್ನೂ ಕೆಲವು ವರ್ಷ ಇತ್ತು. ಅದು ಬಂದಾಗ ಈ ಜೋಡಿಯ ಅರ್ಥ ತಾನಾಗಿ ಬಿಚ್ಚಿಕೊಂಡಿತು: ಸಾಗರತಳ ಒಳನುಸುಳುವ ಕಡೆ ಮೊದಲನೆಯ ಪಟ್ಟಿ, ಅದರಿಂದಾಗಿ ಶಿಲಾರಸ ಎದ್ದು ಬರುವ ಕಡೆ ಎರಡನೆಯದು.

ಒತ್ತಡ ಇದ್ದೂ ಬಿಸಿ ಇಲ್ಲದಿರುವುದು ಹೇಗೆ? ಕಾದ ಎಣ್ಣೆಗೆ ದಪ್ಪ ಬೋಂಡ ಬಿಟ್ಟು ಅವಸರ ಮಾಡಿದರೆ ಹೊರಗೆ ಕೆಂಪಗಾಗಿರುತ್ತದೆ, ಒಳಗೆ ಹಸಿ ಹಿಟ್ಟು. ಕಲ್ಲು ಬಿಸಿಯನ್ನು ಒಳಕ್ಕೆ ಬಿಟ್ಟುಕೊಳ್ಳುವುದು ಅದಕ್ಕಿಂತ ನಿಧಾನ. ತಣ್ಣನೆಯ ಸಾಗರತಳ ವರ್ಷಕ್ಕೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಇಳಿದರೂ ಸಾಕು, 30 ಕಿಲೋಮೀಟರ್ ಆಳ ಮುಟ್ಟಿದಾಗ ಒತ್ತಡ ನಮ್ಮ ಗಾಳಿಯ ಒತ್ತಡದ ಎಂಟು ಸಾವಿರ ಪಟ್ಟು ಆಗಿರುತ್ತದೆ, ಬಿಸಿ ಮಾತ್ರ 300-400 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆ ಸ್ಥಿತಿಯಲ್ಲಿ ಗ್ಲಾಕೊಫೇನ್ ಎಂಬ ನೀಲಿ ಖನಿಜ ಹುಟ್ಟಿ ಕಲ್ಲಿಗೆ ಬಣ್ಣ ಕೊಡುತ್ತದೆ. ಅದಕ್ಕೆ ಬ್ಲೂಶಿಸ್ಟ್ ಎಂದು ಹೆಸರು. ಬ್ಲೂಶಿಸ್ಟ್ ಸಿಕ್ಕಲ್ಲಿ ಒಂದು ಕಾಲಕ್ಕೆ ಸಮುದ್ರವೊಂದರ ತಳ ಇನ್ನೊಂದು ಫಲಕದ ಕೆಳಗೆ ನುಸುಳಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಹಿಮಾಲಯದ ಮೂರು ಸಾಕ್ಷಿ

ಹಿಮಾಲಯ ಎಂದರೆ ನಮಗೆ ಎವರೆಸ್ಟ್. 8,849 ಮೀಟರ್. ಆದರೆ ಅದರ ತುದಿಯಲ್ಲಿರುವುದು ಸುಣ್ಣಕಲ್ಲು, ಅದರಲ್ಲಿ ಕಡಲಜೀವಿಗಳ ಪಳೆಯುಳಿಕೆ. ಇಲ್ಲೊಂದು ಸಮುದ್ರವಿತ್ತು ಎನ್ನುವಷ್ಟು ಮಾತ್ರ ಆ ತುದಿ ಹೇಳಬಲ್ಲದು. ಆ ಸಮುದ್ರ ಹೇಗೆ ಮುಚ್ಚಿತು, ಎರಡು ನೆಲಗಳು ಯಾವಾಗ ಡಿಕ್ಕಿ ಹೊಡೆದವು ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳಲು ಬೇರೆ ಸಾಕ್ಷಿಗಳನ್ನು ಕರೆಯಬೇಕು.

ಮೊದಲನೆಯ ಸಾಕ್ಷಿ ಕಾರ್ಗಿಲ್‌ನಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ, ಶೆರ್ಗೋಲ್ ಸುತ್ತಮುತ್ತ ಇದೆ. ಅಲ್ಲಿನ ಕಲಸುಮೇಲೋಗರದಂಥ ಶಿಲೆಗಳ ನಡುವೆ ಬ್ಲೂಶಿಸ್ಟ್ ಸಿಗುತ್ತದೆ. ಅದು ಹಾಗೆ ಮಾರ್ಪಟ್ಟು ಸುಮಾರು 10 ಕೋಟಿ ವರ್ಷವಾಗಿದೆ. ಭಾರತ ಆಗಿನ್ನೂ ದಕ್ಷಿಣದಲ್ಲೆಲ್ಲೋ ಇತ್ತು. ನಡುವಿನ ಟೆಥಿಸ್ ಸಮುದ್ರದ ತಳ ಉತ್ತರಕ್ಕೆ ಸರಿದು ಏಷ್ಯಾದ ಕಡೆ ಒಳನುಸುಳುತ್ತಿತ್ತು. ಈಗ ಟೆಥಿಸ್ ಇಲ್ಲ. ಅದರ ತಳ ಹೋದ ದಾರಿಯ ರಸೀತಿ ಮಾತ್ರ ಆ ನೀಲಿ ಕಲ್ಲಿನಲ್ಲಿ ಉಳಿದಿದೆ.

ಎರಡನೆಯ ಸಾಕ್ಷಿ ಚಾಂಗ್‌ಥಾಂಗ್‌ನ ತ್ಸೊ ಮೊರಿರಿ ಸರೋವರದ ಬಳಿ ಇದೆ. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿಗೆ ಹೋಗಿ ಫೋಟೊ ತೆಗೆಸಿಕೊಂಡಿರುತ್ತೀರಿ. ಸರೋವರದ ಸುತ್ತ, ಪುಗಾ ಕಣಿವೆಯ ಕಡೆ, ಬೂದು ಬಣ್ಣದ ನೈಸ್ ಶಿಲೆ. ಅದರೊಳಗೆ ಅಲ್ಲಲ್ಲಿ ಕಪ್ಪು ಗಡ್ಡೆಗಳು, ಕಪ್ಪಿನಲ್ಲಿ ಕೆಂಪು ಗಾರ್ನೆಟ್ ಚುಕ್ಕೆಗಳು. ಅದು ಎಕ್ಲೊಗೈಟ್. ಮುಂಬಯಿ, ಪುಣೆಯ ಓದುಗರು ನಿಂತಿರುವ ನೆಲದ ಕಪ್ಪು ಬಸಾಲ್ಟ್ ಇದೆಯಲ್ಲ, ಅದೇ ಜಾತಿಯ ಕಲ್ಲನ್ನು ಭೂಮಿ ತೀರ ಆಳಕ್ಕೆ ಎಳೆದುಕೊಂಡರೆ ಆಗುವ ರೂಪ ಇದು. ದಖ್ಖನ್ನಿನ ಬಸಾಲ್ಟ್ 6.6 ಕೋಟಿ ವರ್ಷದಿಂದ ಮೇಲೆಯೇ ಇದೆ, ಹಾಗಾಗಿ ಬಸಾಲ್ಟ್ ಆಗಿಯೇ ಉಳಿಯಿತು.

2001ರಲ್ಲಿ ಡೆಹ್ರಾಡೂನಿನ ವಾಡಿಯಾ ಸಂಸ್ಥೆಯ ವಿಜ್ಞಾನಿಗಳು ಈ ಎಕ್ಲೊಗೈಟಿನ ಗಾರ್ನೆಟ್ ಒಳಗೆ ಕೋಯಸೈಟ್ ಇದೆ ಎಂದು ವರದಿ ಮಾಡಿದರು. ಕೋಯಸೈಟ್ ಎಂದರೆ ನಮ್ಮ ಬೆಣಚುಕಲ್ಲೇ, ಅದೇ ಸಿಲಿಕಾ, ಇನ್ನೂ ಬಿಗಿಯಾಗಿ ಅದುಮಿದ ರೂಪ. ಅಮೆರಿಕದ ಲೋರಿಂಗ್ ಕೋಸ್ ಅದನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದ. ಅದು ಹುಟ್ಟಲು ಸುಮಾರು 27 ಸಾವಿರ ಪಟ್ಟು ಗಾಳಿಯ ಒತ್ತಡ ಬೇಕು, ಅಂದರೆ 90-100 ಕಿಲೋಮೀಟರ್ ಆಳ. ಖಂಡದ ಹಗುರ ಶಿಲೆ ಅಷ್ಟು ಆಳಕ್ಕೆ ಹೋಗಲಾರದು, ಹೋದರೂ ಮರಳಿ ಬರಲಾರದು ಎಂದು ಬಹಳ ಕಾಲ ನಂಬಿದ್ದರು. 1984ರಲ್ಲಿ ಕ್ರಿಶ್ಚಿಯನ್ ಶೋಪಾಂ ಆಲ್ಪ್ಸ್ ಪರ್ವತದ ಡೋರಾ ಮೈರಾದಲ್ಲಿ, ಅದೇ ವರ್ಷ ಡೇವಿಡ್ ಸ್ಮಿತ್ ನಾರ್ವೆಯಲ್ಲಿ ಕೋಯಸೈಟನ್ನು ಕಂಡಾಗ ಆ ನಂಬಿಕೆ ಮುರಿಯಿತು.

ಮೇಲೆ ಬರುವಾಗ ಕೋಯಸೈಟ್ ಮತ್ತೆ ಬೆಣಚಾಗಿ ಉಬ್ಬಲು ನೋಡುತ್ತದೆ. ಗಾರ್ನೆಟ್ ಗಟ್ಟಿ ಡಬ್ಬಿ, ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಡಬ್ಬಿಗೆ ಸುತ್ತಲೂ ಸೂರ್ಯಕಿರಣದಂಥ ಬಿರುಕು ಬಿಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಆ ಬಿರುಕನ್ನು ನೋಡಿದ ಮೇಲೆ, ಈ ಕಲ್ಲು ನೂರು ಕಿಲೋಮೀಟರ್ ಕೆಳಗೆ ಹೋಗಿಬಂದಿದೆ ಎಂಬ ಮಾತು ಬರೀ ಲೆಕ್ಕಾಚಾರ ಎನಿಸುವುದಿಲ್ಲ.

ಯಾವಾಗ ಹೋಯಿತು ಎಂಬುದಕ್ಕೆ ಕಲ್ಲಿನೊಳಗೆ ಗಡಿಯಾರಗಳಿವೆ. ಜಿರ್ಕಾನ್ ಹರಳಿನ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತದೆ. ಗಾರ್ನೆಟ್ ಮರದ ಬಳೆಗಳ ಹಾಗೆ ಪದರ ಪದರವಾಗಿ ಬೆಳೆಯುತ್ತದೆ, ಅದರಲ್ಲೂ ಅಂಥ ಧಾತುಗಳಿವೆ. ಇವುಗಳನ್ನು ಅಳೆದಾಗ ತ್ಸೊ ಮೊರಿರಿಯ ಉತ್ತರ ಸುಮಾರು 5 ಕೋಟಿ ವರ್ಷ ಹಿಂದೆ ಎಂದು ಬರುತ್ತದೆ. ಹಾಗೆ ಆಳಕ್ಕೆ ಹೋದ ನೈಸ್ ಏಷ್ಯಾದ್ದಲ್ಲ, ಭಾರತ ಖಂಡದ ಉತ್ತರದ ಅಂಚು. ಅಷ್ಟು ಹೊತ್ತಿಗೆ ಭಾರತದ ಅಂಚು ನೂರು ಕಿಲೋಮೀಟರ್ ಕೆಳಗಿತ್ತು ಎಂದರೆ ಡಿಕ್ಕಿ ಅದಕ್ಕಿಂತ ಮೊದಲೇ ಶುರುವಾಗಿರಬೇಕು. ವರ್ಷಕ್ಕೆ ಹದಿನೈದು ಸೆಂಟಿಮೀಟರಿನಷ್ಟು ವೇಗದಲ್ಲಿ ಓಡುತ್ತಿದ್ದ ಭಾರತ ಸುಮಾರು ಅದೇ ಕಾಲಕ್ಕೆ ಐದು ಸೆಂಟಿಮೀಟರಿನ ಆಸುಪಾಸಿಗೆ ನಿಧಾನವಾಯಿತು ಎಂದು ಹಿಂದೂ ಮಹಾಸಾಗರದ ತಳ ಪ್ರತ್ಯೇಕವಾಗಿ ಹೇಳುತ್ತದೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದಂತಾಯಿತು.

ಮರಳಿ ಬಂದದ್ದು ಹೇಗೆ? ಹಳ್ಳಿ ಬಾವಿಯಲ್ಲಿ ಈಜು ಕಲಿತವರು ಸೊಂಟಕ್ಕೆ ಕಟ್ಟಿಕೊಂಡ ಬೆಂಡನ್ನು ನೆನಪಿಸಿಕೊಳ್ಳಿ. ನೀರೊಳಗೆ ಅದುಮಿ ಹಿಡಿದು ಕೈ ಬಿಟ್ಟರೆ ಅದು ಎಷ್ಟು ರಭಸದಿಂದ ಮೇಲೇಳುತ್ತದೆ! ಖಂಡದ ಶಿಲೆ ಕೆಳಗಿನ ಮ್ಯಾಂಟಲ್‌ಗಿಂತ ಹಗುರ. ಭಾರವಾದ ಸಾಗರತಳ ಅದನ್ನು ಎಳೆದುಕೊಂಡು ಹೋಗಿತ್ತು. ಹಿಡಿತ ತಪ್ಪಿದ ಕೂಡಲೇ ಎದ್ದು ಬಂತು, ಎಕ್ಲೊಗೈಟಿನ ಗಡ್ಡೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು.

ಮೂರನೆಯ ಸಾಕ್ಷಿ ಡಾರ್ಜಿಲಿಂಗ್, ಸಿಕ್ಕಿಂ ಕಡೆಯದು. ಅಲ್ಲಿ ಬೆಟ್ಟ ಹತ್ತುತ್ತ ಹೋದರೆ ಕಲ್ಲು ಹೆಚ್ಚು ಹೆಚ್ಚು ಬೆಂದಿರುವುದು ಕಾಣುತ್ತದೆ. ಕೆಳಗೆ ಗಾರ್ನೆಟ್, ಮೇಲೆ ಕಯನೈಟ್, ಅದರ ಮೇಲೆ ಸಿಲಿಮನೈಟ್. ಇದು ಉಲ್ಟಾ. ಆಳಕ್ಕೆ ಹೋದಷ್ಟೂ ಬಿಸಿ ಹೆಚ್ಚಬೇಕು. 19ನೇ ಶತಮಾನದ ಭೂವಿಜ್ಞಾನಿಗಳೇ ಇದನ್ನು ಗಮನಿಸಿ ತಲೆ ಕೆರೆದುಕೊಂಡಿದ್ದರು. ಸುಮಾರು 2 ಕೋಟಿ ವರ್ಷ ಹಿಂದೆ ಆಳದ ಬಿಸಿ ಶಿಲೆ ದೊಡ್ಡ ಸ್ತರಭಂಗದ ಮೇಲೆ ಜಾರಿ ದಕ್ಷಿಣದ ತಣ್ಣನೆಯ ಶಿಲೆಯ ಮೇಲೆ ಹತ್ತಿ ಕೂತಿತು ಎಂಬುದು ಅದರ ಮೂಲ ಕಾರಣ. ಬಿಸಿ ಶಿಲೆ ಹರಿದು ಬಂತೇ, ಬೆಣೆಯ ಹಾಗೆ ನುಗ್ಗಿತೇ ಎಂಬ ಜಗಳ ಇನ್ನೂ ನಡೆದಿದೆ. ಜಗಳ ನಡೆಯುತ್ತಿರುವುದು ಆ ಕಲ್ಲುಗಳ ಎದುರಿಗೇ. ಅವು ಅಲ್ಲಿ ಇವೆ ಎಂಬ ಕಾರಣಕ್ಕೆ ಜಗಳವೂ ಇದೆ.

ಹತ್ತು ಕೋಟಿ, ಐದು ಕೋಟಿ, ಎರಡು ಕೋಟಿ. ಸಮುದ್ರ ನುಸುಳಿತು, ಖಂಡ ನುಸುಳಿತು, ಬೆಟ್ಟ ಮಡಚಿ ಎದ್ದಿತು. ಹಿಮಾಲಯದ ಜೀವನಚರಿತ್ರೆ ಇದು. ಇದರ ಒಂದು ಪುಟವೂ ಎತ್ತರವನ್ನು ಅಳೆದು ಸಿಕ್ಕಿದ್ದಲ್ಲ.

ಬೇರು ಕಾಣುವ ನಾಡು

ಈಗ ನಮ್ಮ ಕಡೆಗೆ ಬರೋಣ. ಹಿಮಾಲಯದಲ್ಲಿ ಬೆಟ್ಟ ಕಾಣುತ್ತದೆ, ಬೇರು ಕಾಣುವುದಿಲ್ಲ. ದಕ್ಷಿಣ ಭಾರತದಲ್ಲಿ ಬೆಟ್ಟ ಸವೆದು ಹೋಗಿ ಬೇರೇ ಮೇಲೆ ಬಂದಿದೆ. ಪರಂಗಿಮಲೈ ಅಂಥ ಬೇರು. 1893ರಲ್ಲಿ ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಕೋಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನಲ್ಲಿರುವ ಜಾಬ್ ಚಾರ್ನಾಕ್‌ನ ಸಮಾಧಿಯ ಕಲ್ಲನ್ನು ಪರೀಕ್ಷಿಸಿ, ಅದು ಮದರಾಸಿನ ಕಡೆಯ ಕಲ್ಲು ಎಂದು ಗುರುತಿಸಿ, ಅದಕ್ಕೆ ಚಾರ್ನೊಕೈಟ್ ಎಂದು ಹೆಸರಿಟ್ಟ. ಮುಂದೆ ಅದೇ ಜಾತಿಯ ಕಲ್ಲು ಅಂಟಾರ್ಕ್ಟಿಕಾದಲ್ಲೂ ಆಫ್ರಿಕಾದಲ್ಲೂ ಸಿಕ್ಕಿತು. ಹೆಸರು ಮಾತ್ರ ನಮ್ಮ ಬಾಲ್ಕನಿಗೆ ಕಾಣುವ ಗುಡ್ಡದ್ದೇ. ಎಣ್ಣೆ ಹಚ್ಚಿದಂಥ ಮಂಕು ಹಸಿರು ಕಲ್ಲು ಅದು, ಭೂಚಿಪ್ಪಿನಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಕೆಳಗೆ, ನೀರಿನ ಅಂಶ ಬಹುತೇಕ ಇಲ್ಲದ ಕಡೆ, 700 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಆಗಿದ್ದು.

ಕರ್ನಾಟಕದ ನೆಲ ಇನ್ನೂ ವಿಚಿತ್ರ. ಚಿತ್ರದುರ್ಗದ ಕಡೆಯಿಂದ ಹೊರಟು ತುಮಕೂರು, ಕನಕಪುರ ದಾಟಿ ಬಿಳಿಗಿರಿರಂಗನ ಬೆಟ್ಟದವರೆಗೆ ಕಾರಿನಲ್ಲಿ ಹೋದರೆ ನೀವು ಭೂಮಿಯ ಒಳಕ್ಕೆ ಇಳಿಯುತ್ತಿರುತ್ತೀರಿ. ನೆಲ ಓರೆಯಾಗಿ ಎದ್ದು, ದಕ್ಷಿಣದ ಭಾಗ ಹೆಚ್ಚು ಸವೆದಿದೆ. ಉತ್ತರದಲ್ಲಿ ಕಡಿಮೆ ಬಿಸಿಯ ಹಸಿರು ಶಿಸ್ಟ್‌ಗಳು. ಮಧ್ಯದಲ್ಲಿ ಗೆರೆ ಗೆರೆಯ ನೈಸ್. ದಕ್ಷಿಣದ ತುದಿಯಲ್ಲಿ ಚಾರ್ನೊಕೈಟ್, ಗ್ರಾನುಲೈಟ್. ಸುಮಾರು 250 ಕೋಟಿ ವರ್ಷ ಹಿಂದಿನ ಭೂಚಿಪ್ಪಿನ ಅಡ್ಡಸೀಳು ಇದು. ಕಲ್ಲಿನ ಈ ಮೆಟ್ಟಿಲು ಇಷ್ಟು ಅಚ್ಚುಕಟ್ಟಾಗಿ ತೆರೆದುಕೊಂಡಿರುವ ಜಾಗ ಪ್ರಪಂಚದಲ್ಲಿ ಹೆಚ್ಚಿಲ್ಲ.

ಆ ಮೆಟ್ಟಿಲಿನ ನಡುವೆ ಕಬ್ಬಾಳದುರ್ಗ ಇದೆ. 1960ರಲ್ಲಿ ಸಿ.ಎಸ್. ಪಿಚ್ಚಮುತ್ತು ‘ನೇಚರ್’ ಪತ್ರಿಕೆಯಲ್ಲಿ ಅಲ್ಲಿನ ಒಂದು ಕ್ವಾರಿಯ ಬಗ್ಗೆ ಬರೆದರು. ಚಾರ್ನೊಕೈಟ್ ಆಗುತ್ತಿರುವುದನ್ನೇ ಅಲ್ಲಿ ನೋಡಬಹುದು ಎಂಬುದು ಅದರ ಸಾರ. 1980ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎ.ಎಸ್. ಜನಾರ್ಧನ, ಶಿಕಾಗೊದ ರಾಬರ್ಟ್ ನ್ಯೂಟನ್ ಮೊದಲಾದವರು ಅದನ್ನು ಮತ್ತೆ ಓದಿ, ಇಂಗಾಲದ ಡೈಆಕ್ಸೈಡ್ ತುಂಬಿದ ಅನಿಲ ಆಳದಿಂದ ಎದ್ದು ನೀರನ್ನು ಓಡಿಸಿ ಕಲ್ಲನ್ನು ಬದಲಿಸಿತು ಎಂದು ವಾದಿಸಿದರು. ಜಗತ್ತಿನ ನಾನಾ ಕಡೆಯ ಭೂವಿಜ್ಞಾನಿಗಳು ಆ ಒಂದು ಕ್ವಾರಿಯ ಮುಖ ನೋಡಲು ಬಂದುಹೋದರು.

ನಾವು ಬಿ.ಎಸ್ಸಿ. ಹುಡುಗರು ತೊಂಬತ್ತರ ದಶಕದಲ್ಲಿ ಬಸ್ಸಿನಲ್ಲಿ ಅಲ್ಲಿಗೆ ಹೋಗಿದ್ದೆವು. ಬೂದು ನೈಸ್, ಅದರ ಮೇಲೆ ಬಿಳಿ ಕಪ್ಪು ಗೆರೆಗಳು, ಆ ಗೆರೆಗಳ ಮೇಲೆಯೇ ಹರಡಿದ ಕಡು ಹಸಿರು ತೇಪೆಗಳು. ಪಂಚೆಗೆ ಎಣ್ಣೆ ತಾಗಿದರೆ ಅಂಚು ಕಾಣುತ್ತದೆ, ಎಣ್ಣೆಯ ಕೆಳಗೆ ಜರಿಯ ಗೆರೆಯೂ ಮಸುಕಾಗಿ ಕಾಣುತ್ತದಲ್ಲ, ಹಾಗೆ. ಹೊಸ ಸುತ್ತಿಗೆಯ ಉತ್ಸಾಹದಲ್ಲಿ ನಾನು ಹೊಡೆಯಲು ಕೈ ಎತ್ತಿದ್ದೆ. ಮೇಷ್ಟ್ರು ಕೈ ಹಿಡಿದುಬಿಟ್ಟರು. ‘ಕೆಳಗೆ ಬಿದ್ದಿರೋ ಚೂರು ತಗೊಳ್ಳಪ್ಪ. ಇದು ಮುಂದಿನ ಬ್ಯಾಚಿನವರಿಗೂ ಬೇಕು.’

ಆ ಮಾತಿನ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. ಎಂ.ಎಸ್ಸಿ.ಯಲ್ಲಿ ಪ್ರಾಜೆಕ್ಟಿಗೆಂದು ನಾನು ಮೂರು ತಿಂಗಳು ಅಲೆದ ಒಂದು ಬಂಡೆ ಇತ್ತು. ಹಳ್ಳಿಯ ಪಕ್ಕದ್ದು, ಹೆಸರೇನೂ ಇಲ್ಲದ್ದು, ಎತ್ತರ ಎರಡಾಳು. ಗಾರ್ನೆಟ್ ಎಷ್ಟು ಚೆನ್ನಾಗಿತ್ತೆಂದರೆ ಮಕ್ಕಳು ಕಲ್ಲಿನಿಂದ ಕಿತ್ತು ಗೋಲಿ ಆಡುತ್ತಿದ್ದರು. ಹದಿನೈದು ವರ್ಷದ ಮೇಲೆ ಹೆಂಡತಿಗೆ ತೋರಿಸೋಣವೆಂದು ಕರೆದುಕೊಂಡು ಹೋದರೆ ಅಲ್ಲಿದ್ದದ್ದು ಹಸಿರು ನೀರು ನಿಂತ ಗುಂಡಿ. ಜಲ್ಲಿಯಾಗಿ ಯಾವ ರಸ್ತೆಯ ಕೆಳಗೆ ಹೋಯಿತೋ. ನನ್ನ ಪ್ರಾಜೆಕ್ಟಿನಲ್ಲಿ ತಪ್ಪುಗಳಿದ್ದವು ಎಂದು ಈಗ ನನಗೆ ಗೊತ್ತು. ಆಗ ಇರದ ಉಪಕರಣಗಳು ಈಗ ಇವೆ. ತಿದ್ದಲು ಕಲ್ಲೇ ಇಲ್ಲ.

ತಿದ್ದಬೇಕಾದ ದೊಡ್ಡ ಪ್ರಶ್ನೆಗಳೂ ಉಳಿದಿವೆ. ಫಲಕಗಳು ಒಂದರ ಕೆಳಗೊಂದು ನುಸುಳುವ ಈ ವ್ಯವಹಾರ ಭೂಮಿಯ ಮೇಲೆ ಯಾವಾಗ ಶುರುವಾಯಿತು? 250 ಕೋಟಿ ವರ್ಷ ಹಿಂದೆ ಧಾರವಾಡ ಶಿಲೆಗಳ ಕಾಲದಲ್ಲಿ ಅದು ಇತ್ತೇ? ಇತ್ತು, ಈ ಪಟ್ಟಿಗಳು ಒಂದಕ್ಕೊಂದು ಬಂದು ಅಂಟಿಕೊಂಡದ್ದು ಹಾಗೆಯೇ ಎನ್ನುವವರಿದ್ದಾರೆ. ಭೂಮಿ ಆಗ ಇನ್ನೂ ಬಿಸಿಯಾಗಿತ್ತು, ಕೆಳಗಿನಿಂದ ಎದ್ದ ಬಿಸಿಯೇ ಇದೆಲ್ಲ ಮಾಡಿತು ಎನ್ನುವವರಿದ್ದಾರೆ. ಅಷ್ಟು ಹಳೆಯ ಬ್ಲೂಶಿಸ್ಟ್ ಎಲ್ಲೂ ಸಿಕ್ಕಿಲ್ಲ. ಉತ್ತರ ಇರುವುದು ಕರ್ನಾಟಕ, ತಮಿಳುನಾಡು, ಆಂಧ್ರದ ಇಂಥ ಹೆಸರಿಲ್ಲದ ಬಂಡೆಗಳಲ್ಲೇ. ನಾವು ಅವನ್ನು ಜಲ್ಲಿ ಮಾಡುತ್ತಿದ್ದೇವೆ.

ಕಲ್ಲು ಒಡೆಯಬಾರದೇ?

ಇಲ್ಲಿ ಒಂದು ಆಕ್ಷೇಪ ಬರಬೇಕು, ನಾನೇ ಎತ್ತುತ್ತೇನೆ. ಕಲ್ಲು ಒಡೆಯದೆ ಮನೆ ಹೇಗೆ ಕಟ್ಟುವುದು? ಹೊಯ್ಸಳರು ಬೇಲೂರು ಹಳೇಬೀಡು ಕಟ್ಟಿದ ಬಳಪದ ಕಲ್ಲು ಕೂಡ ರೂಪಾಂತರ ಶಿಲೆಯೇ. ಅವರು ಅಗೆಯದಿದ್ದರೆ ಆ ಶಿಲಾಬಾಲಿಕೆಯರು ಎಲ್ಲಿರುತ್ತಿದ್ದರು? ನಮ್ಮ ಮನೆಯ ಅಡುಗೆ ಕಟ್ಟೆಯ ಕಲ್ಲನ್ನೂ ಅಂಗಡಿಯವರು ‘ಎಲ್ಲಾ ಗ್ರಾನೈಟೇ ಸಾರ್’ ಎಂದು ಮಾರಿದರು. ಅದು ಗ್ರಾನೈಟ್ ಅಲ್ಲ, ಅಲೆ ಅಲೆಯಾಗಿ ಮಡಚಿದ ನೈಸ್. ದಿನಾ ಬೆಳಿಗ್ಗೆ ಕಾಫಿ ಬೆರೆಸುವಾಗ ಆ ಮಡಿಕೆಗಳ ಮೇಲೆ ಬೆರಳಾಡಿಸುತ್ತೇನೆ. ಇದಕ್ಕಿಂತ ಹೆಚ್ಚಾಗಿ, ಪಿಚ್ಚಮುತ್ತು ನೋಡಿದ ಕಬ್ಬಾಳದ ಮುಖ ಕೂಡ ಕ್ವಾರಿಯೇ. ಯಾರೋ ಕಲ್ಲುಕುಟಿಗರು ಒಡೆದು ತಾಜಾ ಮುಖ ತೆರೆದಿದ್ದರಿಂದಲೇ ಅದು ಕಂಡಿತು. ಕ್ವಾರಿ ಭೂವಿಜ್ಞಾನದ ಶತ್ರು ಎಂದರೆ ನಾನು ಕೃತಘ್ನನಾಗುತ್ತೇನೆ.

ಹಾಗಾಗಿ ನಾನು ಕೇಳುವುದು ಚಿಕ್ಕದು. ಎಲ್ಲ ಬಂಡೆಯನ್ನೂ ಉಳಿಸಿ ಎಂದು ಕೇಳುತ್ತಿಲ್ಲ. ಒಡೆಯುವ ಮೊದಲು ಓದಿ, ಅಷ್ಟೇ. ಗುತ್ತಿಗೆ ಕೊಡುವಾಗ ಎಷ್ಟು ಘನಮೀಟರ್ ಕಲ್ಲಿದೆ ಎಂದು ಅಳೆಯಲು ಒಬ್ಬರು ಹೋಗಿಯೇ ಹೋಗುತ್ತಾರೆ. ಅವರ ಜೊತೆಗೆ, ಅದು ಎಂಥ ಕಲ್ಲು, ಇಂಥದ್ದು ಬೇರೆಲ್ಲಾದರೂ ಇದೆಯೇ ಎಂದು ನೋಡಲು ಹತ್ತಿರದ ಕಾಲೇಜಿನ ಒಬ್ಬ ಭೂವಿಜ್ಞಾನದ ಮೇಷ್ಟ್ರು ಹೋಗಲಿ. ಅಪರೂಪದ್ದಾಗಿದ್ದರೆ ಒಂದು ಮುಖವನ್ನು, ಬಸ್ ನಿಲ್ದಾಣದಷ್ಟು ಜಾಗವನ್ನು, ಬಿಟ್ಟು ಮಿಕ್ಕಿದ್ದನ್ನು ಒಡೆಯಲಿ. ಹಾಗೆ ನೂರರಲ್ಲಿ ಒಂದು ಉಳಿದರೂ ಸಾಕು.

ಈಗ ಇರುವ ವ್ಯವಸ್ಥೆ ದುರ್ಬಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮೂವತ್ತಕ್ಕೂ ಹೆಚ್ಚು ಜಾಗಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಪರಂಗಿಮಲೈ ಅದರಲ್ಲಿದೆ, ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇದೆ, ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ದಿಂಬು ಲಾವಾ ಇದೆ. ಆದರೆ ಪುರಾತನ ದೇವಾಲಯಕ್ಕೆ ಇರುವಂಥ ಕಾಯಿದೆಯ ಬಲ ಈ ಬಂಡೆಗಳಿಗಿಲ್ಲ. ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗೆ ಒಂದು ಮಸೂದೆಯ ಕರಡನ್ನು ಹೊರತಂದಿತು. ಅಧಿಕಾರವೆಲ್ಲ ಒಂದೇ ಇಲಾಖೆಯ ಕೈಯಲ್ಲಿ ಇಟ್ಟಿದ್ದಾರೆ ಎಂಬ ಆಕ್ಷೇಪ ಬಂತು. ನ್ಯಾಯವಾದ ಆಕ್ಷೇಪವೇ. ಊರಿನವರು, ವಿಶ್ವವಿದ್ಯಾನಿಲಯದವರು, ರಾಜ್ಯ ಸರಕಾರ ಇಲ್ಲದೆ ಯಾವ ಬಂಡೆಯೂ ಉಳಿಯದು. ಆದರೆ ಅದನ್ನು ತಿದ್ದಿ ಮುಂದೆ ತರಬೇಕಿತ್ತು, ಮರೆತುಬಿಡುವುದಲ್ಲ. ಚೀನಾ, ಜಪಾನ್, ವಿಯೆಟ್ನಾಂ, ಇಂಡೊನೇಷ್ಯಾಗಳಲ್ಲಿ ಯುನೆಸ್ಕೊ ಮಾನ್ಯತೆಯ ಜಿಯೋಪಾರ್ಕುಗಳಿವೆ. ನಮ್ಮಲ್ಲಿ ಒಂದೂ ಇಲ್ಲ.

ಅರಾವಳಿಯ ವಿಷಯಕ್ಕೂ ಇದೇ ಮಾತು. ದೆಹಲಿಯ ಓದುಗರು ನೋಡಿರುವ ರಿಡ್ಜ್, ಜೆ.ಎನ್.ಯು. ಒಳಗಿನ ಬಂಡೆಗಳು, ರೈಸಿನಾ ಗುಡ್ಡ ಎಲ್ಲ ಅರಾವಳಿಯ ಉತ್ತರದ ತುದಿ. ಮರಳು ಕಾದು ಬೆಸೆದು ಆದ ಕ್ವಾರ್ಟ್ಸೈಟ್. ದಕ್ಷಿಣಕ್ಕೆ, ರಾಜಸ್ಥಾನದಲ್ಲಿ, ಸುಮಾರು 170 ಕೋಟಿ ವರ್ಷ ಹಿಂದೆ ಭೂಚಿಪ್ಪಿನ ಆಳದಲ್ಲಿ ಬೆಂದ ಗ್ರಾನುಲೈಟ್‌ಗಳಿವೆ. ಪಾಲಿ ಜಿಲ್ಲೆಯ ಫುಲಾದ್ ಕಡೆಯ ಶಿಲೆಗಳನ್ನು, ಸುಮಾರು 100 ಕೋಟಿ ವರ್ಷ ಹಿಂದೆ ಮುಚ್ಚಿಹೋದ ಸಾಗರದ ಚೂರು ಎಂದು ಹಲವರು ಓದುತ್ತಾರೆ. ಅಂದರೆ ಒಂದು ಬಾರಿ ಅಲ್ಲ, ಕನಿಷ್ಠ ಎರಡು ಬಾರಿ ಅಲ್ಲಿ ಬೆಟ್ಟ ಎದ್ದಿತು. ಹಿಮಾಲಯದ ಮೇಲಿನದೆಲ್ಲ ಸವೆದುಹೋದ ಮೇಲೆ ಒಳಗಿನಿಂದ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಾದರೆ ನಾವು ಹೋಗಬೇಕಾದದ್ದು ಇಂಥ ತಗ್ಗು ಗುಡ್ಡಗಳಿಗೆ. ಮುದುಕರಾದಷ್ಟೂ ಬೆಟ್ಟಗಳು ಕುಗ್ಗುತ್ತವೆ. ಎತ್ತರದ ಅಳತೆ ಹಿಡಿದರೆ ಅತ್ಯಂತ ಹಳೆಯ, ಅತ್ಯಂತ ಆಳವನ್ನು ಬಲ್ಲ ಸಾಕ್ಷಿಗಳೇ ಮೊದಲು ಹೊರಗುಳಿಯುತ್ತವೆ.

ಅಂತರ್ಜಲ, ಧೂಳು, ಮರುಭೂಮಿಯ ತಡೆ, ಚಿರತೆಗಳು ಎಂದು ಅರಾವಳಿಯನ್ನು ಉಳಿಸಲು ಇನ್ನೂ ತುರ್ತಾದ ಕಾರಣಗಳಿವೆ. ಅವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ಕಲ್ಲಿನ ಪರವಾಗಿ ಮಾತಾಡುವವರು ಕಡಿಮೆ ಎಂದು ನಾನು ಇಷ್ಟು ಬರೆದೆ. ಕಾಡು ಕಡಿದರೆ ಮತ್ತೆ ನೆಡಬಹುದು, ಕೆರೆ ಬತ್ತಿದರೆ ಹೂಳೆತ್ತಬಹುದು. ಕೋಯಸೈಟ್ ಇಟ್ಟುಕೊಂಡ ಗಾರ್ನೆಟ್ ಜಲ್ಲಿಯಾದ ಮೇಲೆ ಇನ್ನೊಂದನ್ನು ಮಾಡಿಕೊಡಲು ಭೂಮಿಗೆ ಕೋಟಿಗಟ್ಟಲೆ ವರ್ಷ ಬೇಕು, ಒಂದು ಸಮುದ್ರವೂ ಬೇಕು.

ಮೊನ್ನೆ ಅಣ್ಣನ ಮಗಳಿಗೆ ನಾನೇ ಫೋನ್ ಮಾಡಿದೆ. ನಿಮ್ಮ ಶಾಲೆಯ ಹಿಂದಿನ ಗುಡ್ಡಕ್ಕೆ ಹೋಗಿ ಒಂದು ಕಲ್ಲು ನೋಡು, ಹೊಡೆಯಬೇಡ, ಫೋಟೊ ಕಳಿಸು ಎಂದೆ. ಸಂಜೆ ಬಂತು. ನಸುಗೆಂಪು ಕ್ವಾರ್ಟ್ಸೈಟ್, ಮೇಲೆ ತೆಳುವಾಗಿ ಮಿನುಗುವ ಕಾಗೆಬಂಗಾರ. ಪಕ್ಕದಲ್ಲಿ ಅಳತೆಗೆಂದು ಅವಳ ಪೆನ್ಸಿಲ್ ಡಬ್ಬಿ. ಕೆಳಗೆ ಒಂದು ಸಾಲು: ‘ಎತ್ತರ 40 ಮೀಟರ್ ಇರಬಹುದು. ಆಳ ಎಷ್ಟು ಚಿಕ್ಕಪ್ಪ?’

ಉತ್ತರ ಬರೆಯುವ ಮೊದಲು ಇನ್ನೊಂದು ಫೋಟೊ ಬೇಕು, ಸ್ವಲ್ಪ ಹತ್ತಿರದಿಂದ ತೆಗಿ ಎಂದಿದ್ದೇನೆ.